ಪರದೆಯೊಂದಿಗೆ ಜಗಳಕ್ಕೆ ನಿಂತ ನಮ್ಮತ್ತೆ

ನಮ್ಮ ಸೋದರತ್ತೆಗೆ ಸಿನಿಮಾ ನೋಡಲು ಬರುವುದಿಲ್ಲ! ಕಣ್ಣೇನೋ ಚೆನ್ನಾಗಿದೆ. ಬಸವಕಲ್ಯಾಣದ ತಮ್ಮ ಮನೆಯ ಮಾಳಿಗೆಯ ಮೇಲೆ ನಿಂತು, ಆಚೆ ಓಣಿಯಲ್ಲಿ ಯಾರ ಮನೆಗೆ ಬೀಗರು ಬಂದರೆಂದು ಹೇಳಬಲ್ಲರು. ಆದರೆ ಸಿನಿಮಾ ಎಂದರೆ ಸುಮ್ಮನೆ ಕೂತು ನೋಡುವುದಲ್ಲ, ಒಳಗೆ ಹೊಕ್ಕು ಜಗಳ ಕಾಯುವುದು ಎಂಬುದು ಅವರ ತಿಳುವಳಿಕೆ. ಒಮ್ಮೆ ಧಾರಾವಾಹಿಯ ಸೊಸೆಯ ಹಾಲಿಗೆ ಯಾರೋ ವಿಷ ಬೆರೆಸಿದಾಗ, "ಕುಡಿಬ್ಯಾಡವ್ವಾ!" ಎಂದು ಇವರು ಕೂಗಿದ ರಭಸಕ್ಕೆ, ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಮಾಮ ಕಪ್ಪು ಕೆಳಗಿಟ್ಟುಬಿಟ್ಟಿದ್ದರು!

ಇಂಥವರನ್ನು ಹುಮನಾಬಾದಿನ ನಮ್ಮ ಕಾಲೇಜಿನ ಚಿತ್ರ ಪ್ರದರ್ಶನಕ್ಕೆ ಯಾರಾದರೂ ಕರೆಯುತ್ತಾರೆಯೇ? ನಾನೂ ಕರೆದಿರಲಿಲ್ಲ. "ನನ್ನ ತಮ್ಮನ ಮಗ ಸಿನಿಮಾ ತೋರಸ್ತಾನಂತ" ಎಂದು ಮಾಮನನ್ನೂ ಎಬ್ಬಿಸಿಕೊಂಡು ಬಸ್ಸು ಹತ್ತಿ ಬಂದೇಬಿಟ್ಟರು. ಸೀದಾ ಮೊದಲ ಸಾಲು, ಪ್ರಾಂಶುಪಾಲರ ಪಕ್ಕ!

ಚಿತ್ರ ಐರ್ಲೆಂಡಿನ ಹಳೆಯ ಬರಗಾಲದ್ದು. ಆಲೂಗಡ್ಡೆ ಹೊಲದಲ್ಲೇ ಕೊಳೆತು, ಊರಿಗೆ ಊರೇ ಹಸಿದು ಸಾಯುವ ಕಥೆ. ನಾನು ಮೈಕು ಹಿಡಿದು ಮಾತುಗಳನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಎಷ್ಟೋ ಹೊತ್ತು ಅತ್ತೆ ತುಟಿ ಪಿಟಕ್ಕೆನ್ನಲಿಲ್ಲ. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ, ಸಿಪಾಯಿಗಳ ಕಾವಲಿನಲ್ಲಿ ಜಮೀನುದಾರನ ಗೋಧಿ ಗಾಡಿಗಳು ಹಸಿದವರ ಮುಂದೆಯೇ ಬಂದರಿನತ್ತ ಹೊರಟವು. ಅತ್ತೆ ಎದ್ದು ನಿಂತರು.

"ಏ ಭಾಡ್ಯಾ! ಮಂದಿ ಸಾಯಾಕತ್ತಾರ, ನೀ ಗೋದಿ ಎಲ್ಲಿಗಿ ಒಯ್ಯಾಕತ್ತಿ?"

ಸಭಾಂಗಣ ಗೊಳ್ಳೆಂದಿತು. "ಅತ್ತ್ಯಾ, ಅಂವಗ ಕನ್ನಡ ಬರಂಗಿಲ್ಲ, ಕೂಡ್ರಿ" ಎಂದು ಗೋಗರೆದೆ. ಮೈಕು ಚಾಲೂ ಇತ್ತು!

"ಹಂಗಾರ ನೀ ಇಂಗ್ಲಿಷಿನಾಗ ಹೇಳು!"

ಚಿತ್ರ ಮುಗಿದ ಮೇಲೆ ಎಲ್ಲರ ಅಭಿಪ್ರಾಯ ಕೇಳಿದೆವು. ಒಬ್ಬರು ಛಾಯಾಗ್ರಹಣ ಮೆಚ್ಚಿದರು. ಇನ್ನೊಬ್ಬರು ಕಥೆ ನಿಧಾನ ಎಂದರು. ಪ್ರಾಂಶುಪಾಲರು ನಗುತ್ತಾ ಮೈಕನ್ನು ಅತ್ತೆಯ ಕೈಗೆ ಕೊಟ್ಟರು. "ನೀವ್ಯಾಕ ಎದ್ದು ನಿಂತ್ರಿ, ತಾಯಿ?"

"ಅಷ್ಟು ಮಂದಿ ನಿಂತು ನೋಡಾಕತ್ತಿದ್ರು, ಒಬ್ಬರರೆ ಅಂವಗ ಕೇಳಲಿಲ್ಲಲ್ರಿ. ಅದಕ್ಕ ನಾ ಕೇಳ್ದೆ."

ಈ ಸಲ ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಶುರುವಾದ ಚಪ್ಪಾಳೆ ಮುಂದಿನವರೆಗೂ ಬಂತು. "ನಮ್ಮ ಸೋದರತ್ತೆ!" ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದೆ, ಅವರು ಕೇಳದಿದ್ದರೂ!

ಮರುದಿನ ಮಧ್ಯಾಹ್ನ ಅತ್ತೆಯ ಫೋನು ಬಂತು.

"ತಮ್ಮಾ, ಆ ದೇಶದಾಗ ಈಗ ಮಂದಿಗಿ ಉಣ್ಣಾಕ ಸಿಗ್ತದೇನೋ?"

"ಹೊಟ್ಟಿತುಂಬ ಸಿಗ್ತದ, ಅತ್ತ್ಯಾ. ಅದೆಲ್ಲಾ ಆಗಿ ಭಾಳ ವರ್ಷ ಆತು."

"ಖರೇನಽ?"

"ಖರೇನ ರೀ."

ಫೋನು ಮಾಮನ ಕೈಗೆ ಹೋಯಿತು. "ನಿನ್ನಿಯಿಂದ ನಿಮ್ಮತ್ತಿ ಒಂದು ತುತ್ತೂ ಬಾಯಾಗ ಹಾಕಿಲ್ಲಪಾ" ಎಂದರು ಮಾಮ, ದನಿ ತಗ್ಗಿಸಿ.

ಅವರ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಇನ್ನ ನನಗೂ ಒಂದು ರೊಟ್ಟಿ ಕೊಡ್ರಿ."