ತಿಕೋಟಾದಿಂದ ಒಬ್ಬರು

ಸಿದ್ದರಾಮನ ಎದೆ ಧಸಕ್ಕೆಂದದ್ದು ಲ್ಯಾಪ್‌ಟಾಪಿನ ಪರದೆಯ ಮೇಲಿನ ಒಂದು ಸಾಲು ನೋಡಿ. ‘ತಿಕೋಟಾ: 1’.

ಗೋಳಗುಮ್ಮಟದ ಎದುರು ಟೋಪಿ, ತಂಪು ಕನ್ನಡಕ ಮಾರುವ ಈ ಮಹಾಶಯ ಹತ್ತು ತಿಂಗಳ ಹಿಂದೆ ಮನೆಯ ಹಿಂದಿನ ಖೋಲಿಯಲ್ಲಿ ಇಂಟರ್ನೆಟ್ ರೇಡಿಯೋ ಸ್ಥಾಪಿಸಿದ್ದ. (ಸ್ಥಾಪನೆ ಎಂದರೆ ಒಂದು ಮೈಕು ಮತ್ತು ಗೋಡೆಗೆ ಬಡಿದ ಎರಡು ಚಾದರ.) ದಿನಾ ಸಂಜೆ ಆರಕ್ಕೆ ಸುತ್ತಲಿನ ಭಜನಾ ಮಂಡಳಿಗಳ ಹಾಡು, ಹಾಡಿಗೊಮ್ಮೆ ಸಿದ್ದರಾಮನ ಅಮೃತವಾಣಿ. ಯಾವ ಊರಿನಿಂದ ಎಷ್ಟು ಜನ ಕೇಳುತ್ತಿದ್ದಾರೆಂಬುದು ಪರದೆಯ ಮೇಲೆ ಬರುತ್ತಿತ್ತು: ದುಬೈ ಇಬ್ಬರು, ಪುಣೆ ಮೂವರು, ಮಸ್ಕತ್ ಒಬ್ಬರು. ಎಲ್ಲರೂ ದೂರದವರು. ಆ ಧೈರ್ಯದ ಮೇಲೆ ಅವನು ತಿಕೋಟಾದ ಅತ್ತೆ ಗುರುಬಸವ್ವನ ಗುಣವಿಶೇಷಗಳನ್ನು ವಿಶ್ವಕ್ಕೇ ಬಿತ್ತರಿಸುತ್ತ ಬಂದಿದ್ದ.

ಈಗ ನೋಡಿದರೆ ತಿಕೋಟಾ! ಇಷ್ಟು ದಿನ ದೂರದ ಊರುಗಳನ್ನಷ್ಟೇ ಎಣಿಸುತ್ತಿದ್ದವನು ಹಿಂದಿನ ಪಟ್ಟಿ ತೆಗೆದ. ಮೂರು ವಾರದಿಂದ ತಿಕೋಟಾ ಒಂದು ದಿನವೂ ತಪ್ಪಿಸಿಲ್ಲ.

“ಅವ್ವನ ಹೊಸಾ ಫೋನಿನಾಗ ನಾನ ನಿಮ್ಮ ರೇಡಿಯೋ ಹಾಕಿ ಕೊಟ್ಟೇನ್ರಿ” ಎಂದಳು ಹೆಂಡತಿ ನಂದಾ. “ಕೇಳವರ ಇಲ್ಲಂತ ಅಳಾಕತ್ತಿದ್ರೆಲ್ಲಾ?”

“ಮೂರು ವಾರದಾಗ ನಾ ಏನೇನ್ ಮಾತಾಡೇನಿ ಗೊತ್ತೈತೇನ ನಿನಗ?”

“ನನಗ ಹೆಂಗ ಗೊತ್ತಿರ್ತೈತ್ರಿ? ನಾ ಕೇಳೂದಿಲ್ಲ. ಅಂದಂಗ, ನಾಳೆ ಮುಂಜಾನೆ ಬಸ್ಸಿಗೆ ಅವ್ವ ಬರಾಕತ್ತಾಳ. ಆ ಹಿಂದಿನ ಖೋಲಿ ನೋಡೂದೈತಂತ.”

ಸಿದ್ದರಾಮ ಗೋಡೆ ಹಿಡಿದುಕೊಂಡ. ಆ ಗೋಡೆಯೂ ಅತ್ತೆಯದೇ. ಮನೆ ಆಕೆಯ ಹೆಸರಿನಲ್ಲಿತ್ತು. ಖೋಲಿ ಖಾಲಿ ಮಾಡಿ ಎಂದು ಒಂದು ಮಾತು ಅಂದರೆ ರೇಡಿಯೋದ ಕಥೆ ಮುಗಿದಂತೆಯೇ.

ಮರುದಿನ ಗುರುಬಸವ್ವ ಬಂದವರೇ ಚಹಾ ಬೇಡವೆಂದರು. (ಚಹಾ ಬೇಡವೆಂದರೆ ಸಿಟ್ಟು ನೆತ್ತಿಗೇರಿದೆ ಎಂದು ಸಿದ್ದರಾಮ ಲೆಕ್ಕ ಹಾಕಿದ.) ನೆಟ್ಟಗೆ ಹಿಂದಿನ ಖೋಲಿಗೆ ಹೋಗಿ, ಮೈಕಿನ ಸುತ್ತ ಒಂದು ಸುತ್ತು ಹಾಕಿ, ಮೂಲೆಯಿಂದ ಮೂಲೆಗೆ ಕಣ್ಣಲ್ಲೇ ಅಳೆದರು.

“ಮೊದಲ ಇದರಾಗ ಜ್ವಾಳದ ಚೀಲ ಇಡತಿದ್ವಿ” ಎಂದರು.

ಮುಗಿಯಿತು! ಅಳಿಯನಿಗೆ ತಡೆಯಲಾಗಲಿಲ್ಲ. “ಅತ್ತಿ, ತಪ್ಪಾತ್ರಿ! ನೀವು ಕಳಿಸಿದ ಶೇಂಗಾ ಹೋಳಿಗಿ ಟಾಂಗಾದ ಕುದುರಿಗೆ ಹಾಕಿದ್ದು ಖರೆ. ಆದ್ರ ಕುದುರಿ ಮೂಸಿ ಮಾರಿ ತಿರುವಿತು ಅಂದದ್ದು ಸುಳ್ಳ, ಕೇಳವರು ನಗಲಿ ಅಂತ ಸೇರಿಸಿದ್ದು. ಗುಮ್ಮಟದಾಗ ನಿಮ್ಮ ಗೊರಕಿ ಏಳ ಸಲ ಕೇಳತೈತಿ ಅಂದದ್ದೂ ಬರೀ ಚ್ಯಾಷ್ಟಿ!”

ಗುರುಬಸವ್ವ ಅವನನ್ನೇ ನೋಡಿದರು. “ಯಾವ ಕುದುರಿ, ಅಳಿಯಾರ?”

“ರೇಡಿಯೋದಾಗ... ನೀವು ದಿನಾ ಕೇಳತೀರೆಲ್ಲಾ?”

“ಹಾಡ ಕೇಳತೇನಿ. ಭಾಳ ಚಲೋ ಇರತಾವ. ನೀವು ಮಾತು ಚಾಲೂ ಮಾಡಿದ ಕೂಡಲೇ ಫೋನ್ ಬೋರಲ ಹಾಕಿ ಎಮ್ಮಿ ಹಿಂಡಾಕ ಹೊಕ್ಕೇನಿ. ಹಾಡ ಹಾಡೂ ಖೋಲಿ ಹೆಂಗೈತಿ ನೋಡೂಣಂತ ಬಂದೆ. ಅಲ್ಲಾ, ನನ್ನ ಹೋಳಿಗಿ ಕುದುರಿಗೆ?”

ಹೋಳಿಗೆಯ ಮಾತು ಹೊರಬಿದ್ದ ಭಯಕ್ಕಿಂತ, ತನ್ನ ಅಮೃತವಾಣಿಯ ಒಂದು ಹನಿಯೂ ಅತ್ತೆಯ ಕಿವಿಗೆ ಬಿದ್ದಿಲ್ಲವೆಂಬ ಸಂಕಟವೇ ಸಿದ್ದರಾಮನಿಗೆ ದೊಡ್ಡದಾಯಿತು.

“ಒಂದೂ ಮಾತು ಕೇಳಿಲ್ಲೇನ್ರಿ?” ಎಂದ, ಅಳುವ ದನಿಯಲ್ಲಿ.

“ಈಗ ಕೇಳಿದ್ದ ಸಾಕು” ಎಂದು ಗುರುಬಸವ್ವ ಮೈಕಿನ ಮುಂದೆಯೇ ಕುಳಿತು ತೀರ್ಪು ಕೊಟ್ಟರು. “ಖೋಲಿ ಇರಲಿ. ಹಾಡ ನಡೀಲಿ. ನಿಮ್ಮ ಮಾತು ಇವತ್ತಿಂದ ಬಂದ್.”

“ಯವ್ವಾ, ನಾ ಹತ್ತು ತಿಂಗಳಿಂದ ಇದನ್ನ ಬಡಕೊಳ್ಳಾಕತ್ತೇನಿ” ಎಂದಳು ನಂದಾ.

ಆ ಸಂಜೆ ಅತ್ತೆ ಪಕ್ಕದಲ್ಲೇ ಕುಳಿತಿದ್ದರು. ಸಿದ್ದರಾಮ ತುಟಿ ಬಿಗಿದು ಒಂದರ ಹಿಂದೆ ಒಂದು ಹಾಡು ಹಾಕುತ್ತ ಹೋದ. ಐದನೆಯ ಹಾಡಿಗೆ ಫೋನು ರಿಂಗಣಿಸಿತು. ಹತ್ತು ತಿಂಗಳಲ್ಲಿ ರೇಡಿಯೋಕ್ಕೆ ಬಂದ ಮೊಟ್ಟಮೊದಲ ಕೇಳುಗರ ಫೋನು! ನನ್ನ ದನಿ ಇಲ್ಲವೆಂದು ಯಾರೋ ಕಂಗಾಲಾಗಿದ್ದಾರೆ ಎಂದು ಅವನ ಎದೆ ಉಬ್ಬಿತು.

“ನಾ ಬಬಲೇಶ್ವರದ ರಾಮಲಿಂಗ, ಪುಣೆದಿಂದ ಮಾತಾಡಾಕತ್ತೇನ್ರಿ” ಎಂದಿತು ದನಿ. “ಹಾಡಿನ ನಡುವ ಒಂದು ಗೊರಗೊರ ಬರತಿತ್ತಲ್ರಿ, ಇವತ್ತ ಇಲ್ಲ. ಯಾರ ಕಡೆ ರಿಪೇರಿ ಮಾಡಿಸಿದ್ರಿ?”