ಜೀನ್ಸ್ ಚೀಲದ ಕೊಳಲು

ಹೆಂಡತಿ ಸಂಗೀತಗಾರ್ತಿಯಾಗಿದ್ದರೆ ಗಂಡನಿಗೆ ಸಂಗೀತ ಬರಲೇಬೇಕೆಂದಿಲ್ಲ. ಚೀಲ ಹೊರಲು ಬಂದರೆ ಸಾಕು. ನನ್ನ ಹೆಂಡತಿ ಗಿರಿಜಾ ಕೊಳಲು ನುಡಿಸುತ್ತಾಳೆ, ಹೊಸ ಧಾಟಿ ಕಟ್ಟುತ್ತಾಳೆ. ಶನಿವಾರ ಸಂಜೆ ನಾಶಿಕದ ಹೊರಗಿನ ದ್ರಾಕ್ಷಿತೋಟದ ಹೋಟೆಲಿನಲ್ಲಿ ಜಾಝ್, ಕರೆದ ಕಡೆ ಶಾಸ್ತ್ರೀಯ, ಸೋಮವಾರ ಮನೆಯಲ್ಲಿ ಭಜನೆ. ಜಾಝ್ ಎಂದರೇನು ಎಂದು ಒಮ್ಮೆ ಕೇಳಿದ್ದೆ. "ದಾರಿ ತಪ್ಪಿದಾಂಗ ಮಾಡಿ ಸರಿಯಾಗಿ ಮನಿಗಿ ಬರೂದುರೀ" ಎಂದಳು. ಮದುವೆಯಾದಾಗಿನಿಂದ ನಾನೂ ಅದನ್ನೇ ಮಾಡುತ್ತಿದ್ದೇನೆ. ಒಬ್ಬರೂ ಚಪ್ಪಾಳೆ ತಟ್ಟಿಲ್ಲ.

ನಮ್ಮ ಮನೆಯ ಕೊಳಲುಗಳಲ್ಲಿ ಎರಡು ಪಂಗಡ. ಭಜನೆಯದು, ಶಾಸ್ತ್ರೀಯದು ಎರಡೂ ಚಿಕ್ಕವು. ಅವು ಅವ್ವ ಹೊಲಿದ ರೇಷ್ಮೆ ಚೀಲದಲ್ಲಿ ದೇವರ ಜಗಲಿಯ ಮೇಲಿರುತ್ತವೆ. ಸ್ನಾನ ಮಾಡದೆ ಮುಟ್ಟುವಂತಿಲ್ಲ. ಜಾಝಿನದು ಉದ್ದ, ದಪ್ಪ ದನಿಯದು. ಅದಕ್ಕೆ ನನ್ನ ಹಳೆಯ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ ಹೊಲಿದ ಚೀಲ. ಇಡುವ ಜಾಗ ಚಪ್ಪಲಿ ಸ್ಟ್ಯಾಂಡಿನ ಪಕ್ಕ. "ಅಲ್ಲಿ ಮಂದಿ ಕುಡೀತಾರ, ಕೋಳಿ ತಿಂತಾರ. ಅದು ದೇವರ ಮುಂದ ಬರಬಾರದು" ಎಂಬುದು ಅವ್ವನ ಕಾನೂನು.

ಇದೇ ಅವ್ವ ಬೀದರ ಕಡೆ ಭಜನೆಯಲ್ಲಿ ಎಲ್ಲರಿಗಿಂತ ಮುಂದೆ ಕೂತು ಹಾಡುತ್ತಿದ್ದವಳು. ವಯಸ್ಸಾದಂತೆ ದನಿ ಕೆಳಗಿಳಿಯಿತು, ಚಿಕ್ಕ ಕೊಳಲಿನ ಎತ್ತರ ಎಟುಕದಾಯಿತು. ಈಗ ಬರೀ ತಾಳ ಬಡಿಯುತ್ತಾಳೆ. "ಅತ್ತಿ, ಉದ್ದನ್ನ ಕೊಳಲಿನ ಮ್ಯಾಲ ಹಾಡ್ರಿ, ನಿಮ್ಮ ದನಿಗಿ ಬರೋಬ್ಬರಿ ಕೂಡ್ತದ" ಎಂದು ಗಿರಿಜಾ ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ಸಂಭಾಜಿನಗರದಲ್ಲಿ ಅಕ್ಕ ಹೊಸ ಮನೆಯ ಪೂಜೆ ಇಟ್ಟುಕೊಂಡಾಗ, ಅವ್ವ ಒಂದು ಸಾಲಾದರೂ ಹಾಡಲಿ ಎಂದು ಗಿರಿಜಾ ಶಿವನ ಪದವೊಂದಕ್ಕೆ ಹೊಸ ಧಾಟಿ ಕಟ್ಟಿದಳು. ಚಿಕ್ಕ ಕೊಳಲಿನ ಮೇಲೆ ಅದೂ ಎಟುಕಲಿಲ್ಲ.

ಹೊರಡುವ ದಿನ ಜೀನ್ಸ್ ಚೀಲ ಹಿಂದಿನ ಸಂಜೆಯ ಕಾರ್ಯಕ್ರಮದಿಂದ ಕಾರಿನಲ್ಲೇ ಇತ್ತು. ರೇಷ್ಮೆ ಚೀಲವನ್ನು ಸ್ನಾನವಾದ ಮೇಲೆ ಮುಟ್ಟೋಣವೆಂದು ಬಿಟ್ಟೆ. ತಲೆ ಒರೆಸಿಕೊಳ್ಳುತ್ತಿದ್ದೇನೆ, ಅವ್ವ ಆಗಲೇ ಕಾರಿನಲ್ಲಿ ಕೂತು ಹಾರ್ನ್ ಒತ್ತತೊಡಗಿದಳು. "ಏ ಮಲ್ಲಪ್ಪಾ, ಲೌಕರ ಬಾರೋ, ತಡಾ ಆತು! ಮದುಮಗನಾಂಗ ಏನ್ ಸಿಂಗಾರ ನಡಸೀದಿ?" ಓಡಿದೆ. ರೇಷ್ಮೆ ಚೀಲ ನೆನಪಾದದ್ದು ಅಕ್ಕನ ಮನೆಯಲ್ಲಿ, ಊದುಬತ್ತಿ ಹಚ್ಚಿದ ಮೇಲೆ.

ಗಿರಿಜಾ ನನ್ನತ್ತ ಒಂದು ಸಲ ನೋಡಿದಳು. ಆ ನೋಟಕ್ಕೆ ಯಾವ ರಾಗವೋ ನನಗೆ ತಿಳಿಯದು. ಕಾರಿಗೆ ಓಡಿ ಇದ್ದದ್ದನ್ನೇ ತಂದುಕೊಟ್ಟೆ. ತುಂಬಿದ ಮಂದಿಯ ನಡುವೆ, ದೇವರ ಮುಂದೆ, ಮೊಣಕಾಲಿನ ತೇಪೆ ಸಮೇತ ನನ್ನ ಪ್ಯಾಂಟಿನ ಕಾಲು ಹೊರಬಂತು.

"ಇದೇನ್ ತಂದ್ಯೋ?" ಎಂದಳು ಅವ್ವ.

"ನೀ ಹಾರ್ನ್ ಹೊಡದಿ..."

"ಹಾಂ, ತಪ್ಪು ನಂದಽ! ನಾ ಎದ್ದು ಹೋಗ್ತೀನಿ."

"ಅವ್ವಾ, ನನ್ನ ಮನಿ ಪೂಜಾ ಅದ. ಸುಮ್ನ ಕೂಡು" ಎಂದು ಅಕ್ಕ ಸೆರಗು ಹಿಡಿದಳು. ಅವ್ವ ಗೋಡೆಗೆ ಮುಖ ಮಾಡಿ ಕೂತಳು.

ಗಿರಿಜಾ ಊದಿದಳು. ತುಂಬಿದ ಕೊಡದೊಳಗಿಂದ ಬಂದಂಥ ತಂಪು ದನಿ. ಮೊದಲ ಸಾಲು ಮುಗಿಯಿತು, ಅವ್ವನ ಬೆನ್ನೇ ಕಾಣುತ್ತಿತ್ತು. ಎರಡನೆಯ ಸಾಲಿಗೆ ಗೋಡೆಯ ಕಡೆಯಿಂದ ಸಣ್ಣಗೆ ಗುನುಗು ಕೇಳಿಸಿತು. ಮೂರನೆಯದಕ್ಕೆ ಅವ್ವ ಪೂರ್ತಿ ಇತ್ತ ತಿರುಗಿದ್ದಳು, ಬಾಯ್ತುಂಬ ಹಾಡುತ್ತಿದ್ದಳು! ಗಿರಿಜಾ ಬೇಕೆಂದೇ ಶನಿವಾರದ ಹಾಗೆ ಸ್ವರವನ್ನು ದಾರಿ ತಪ್ಪಿಸಿದಳು. ಅವ್ವ ಅದರ ಬೆನ್ನು ಹತ್ತಿ ಹೋಗಿ, ತನ್ನದೊಂದು ಕೊಂಕು ಸೇರಿಸಿ, ಸೊಸೆಯನ್ನು ಕೈಹಿಡಿದು ಮನೆಗೆ ಕರೆತಂದಳು. ಮಂದಿ ತಾಳ ಮರೆತು ಚಪ್ಪಾಳೆ ತಟ್ಟಿದರು. ಅಕ್ಕ ಅತ್ತೇ ಬಿಟ್ಟಳು. "ಬಾಯಿ ತೆರಕೊಂಡು ಏನ್ ನೋಡ್ತಿ? ತಾಳ ಹಾಕು!" ಎಂದು ಅವ್ವ ನನಗೆ ಗದರಿದಳು. ಒಂದೇ ಪದವನ್ನು ಮತ್ತೆ ಮತ್ತೆ ಹಾಡಿದಳು, ಪ್ರಸಾದ ಆರಿಹೋಯಿತು.

ಮರೆತು ಬಂದವನನ್ನು ಯಾರೂ ಹೊಗಳಲಿಲ್ಲ. ಇರಲಿ. ಈಗ ಪ್ರತಿ ಸೋಮವಾರ ಅವ್ವನದೇ ಹಾಡು. ಉದ್ದ ಕೊಳಲು ಜಗಲಿ ಏರಿದೆ; ಶನಿವಾರ ಹೋಟೆಲಿಗೆ ಹೋಗುವಾಗ ಅದಕ್ಕೆ ಅವ್ವನೇ ವಿಭೂತಿ ಹಚ್ಚಿ ಕಳಿಸುತ್ತಾಳೆ. ರೇಷ್ಮೆ ಚೀಲ ಹೊಲಿದುಕೊಡು ಎಂದರೆ, "ಬ್ಯಾಡ, ಅದಕ್ಕ ಇದಽ ಒಗ್ಗೇದ" ಎನ್ನುತ್ತಾಳೆ. ಹಾಗಾಗಿ ನನ್ನ ಪ್ಯಾಂಟಿನ ಎಡಗಾಲು ಇವತ್ತು ದೇವರ ಪಕ್ಕದಲ್ಲಿದೆ. ಮೊನ್ನೆ ಬೆಳಿಗ್ಗೆ ಹಾಗೇ ಅದಕ್ಕೆ ಕೈ ಚಾಚಿದೆ. ಅಡುಗೆಮನೆಯಿಂದ ಅತ್ತೆ ಸೊಸೆ ಒಂದೇ ಸ್ವರದಲ್ಲಿ ಕೂಗಿದರು: "ಮುಟ್ಟಬಾರದು! ಜಳಕ ಆಗಿಲ್ಲ!"