ಅಳಿಯ ಹಾಸಿದ ಇಟ್ಟಿಗೆ

ಮಾವನವರು ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯ ಹಿಂಗಾಲುಗಳು ಹಸಿ ಮಣ್ಣಿನಲ್ಲಿ ಹೂತುಹೋಗದಿದ್ದರೆ ಜಯಸಿಂಹ ಜನ್ಮದಲ್ಲಿ ಇಟ್ಟಿಗೆ ಮುಟ್ಟುತ್ತಿರಲಿಲ್ಲ. ಮಕ್ತಲದ ಅವನ ಮನೆಯ ಹಿತ್ತಲಲ್ಲಿ ಚಹಾ ಕುಡಿಯುತ್ತಿದ್ದ ಗದ್ವಾಲದ ವಾದೀಂದ್ರಾಚಾರ್ಯರು ಕಪ್ಪು ಬಸಿ ಸಮೇತ ನಿಧಾನವಾಗಿ ಹಿಂದಕ್ಕೆ ವಾಲಿ, ಶೇಷಶಾಯಿಯ ಹಾಗೆ ಆಕಾಶ ನೋಡುತ್ತ ಮಲಗಿಬಿಟ್ಟಿದ್ದರು. ಎಬ್ಬಿಸಿ ಕೂಡಿಸಿದ ಮೇಲೆ ಮಗಳಿಗೆ ಹೇಳಿದ್ದು ಒಂದೇ ಮಾತು: "ಕುರ್ಚಿದೇನೂ ತಪ್ಪಿಲ್ಲವ್ವಾ ಶ್ರೀವಲ್ಲಿ. ನಮ್ಮ ಅಳಿಯದೇವ್ರಿಗೆ ಮನಿ ಅಂದ್ರ ಉಣ್ಣಲಿಕ್ಕೆ, ಮಲಗಲಿಕ್ಕೆ ಅಷ್ಟ."

ತಹಸೀಲು ಕಚೇರಿಯ ಗುಮಾಸ್ತ ಜಯಸಿಂಹನಿಗೆ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನಂತಾಯಿತು. ನುಂಗುವಂತಿಲ್ಲ, ಉಗುಳುವಂತಿಲ್ಲ. ಮಾವ ಮತ್ತೆ ಬರುವುದರೊಳಗೆ ಹಿತ್ತಲಿಗೆ ಇಟ್ಟಿಗೆ ಹಾಸಿಸಿಯೇ ಸೈ ಎಂದು ಇಟ್ಟಿಗೆ, ಮರಳು ತರಿಸಿ ಒಟ್ಟಿದ. ಐತವಾರ ಸಂಜೆಯ ಬಸ್ಸಿಗೆ ಮಾವ ಬರುವವರಿದ್ದರು. ಅದೇ ಐತವಾರ ಬೆಳಿಗ್ಗೆ ಮೇಸ್ತ್ರಿ ಆಂಜನೇಯುಲು ಫೋನು ಮಾಡಿದ. ಧನ್ವಾಡದಲ್ಲಿ ನೆಂಟರ ಮದುವೆಯಂತೆ. "ಎಲ್ಲುಂಡಿ ವಸ್ತಾ ಸಾರ್" ಎಂದು ತೆಲುಗಿನಲ್ಲಿ ನಾಡಿದ್ದು ಬರುವ ಮಾತಾಡಿ ಇಟ್ಟುಬಿಟ್ಟ.

"ಹೋಗ್ಲಿ ಬಿಡ್ರಿ, ಒಂದು ಚಾಪಿ ಹಾಸಿದ್ರಾತು," ಎಂದಳು ಶ್ರೀವಲ್ಲಿ.

"ಚಾಪಿ ಹಾಸಲಿಕ್ಕೆ ಇಲ್ಲೇನು ಸತ್ಯನಾರಾಯಣ ಪೂಜಿ ಅದ ಏನು? ನಾನ ಹಾಸ್ತೀನಿ ಇಟ್ಟಿಗಿ!" ಎಂದ ಜಯಸಿಂಹ ಧೋತರ ಮೇಲೆ ಕಟ್ಟಿ, ತಲೆಗೆ ಟವೆಲು ಸುತ್ತಿದ.

ಮಣ್ಣು ಕೆದರಿ, ಮರಳು ಸುರಿದು, ನಾಲ್ಕು ಮೂಲೆಗೆ ಗೂಟ ಹೊಡೆದು ದಾರ ಕಟ್ಟುವಷ್ಟರಲ್ಲಿ ಗೋಡೆಯ ಮೇಲೆ ತಲೆಗಳು ಮೂಡಿದವು.

"ಏಂ ಸಾರೂ, ಸಮಾಧಿ ಕಡ್ತುನ್ನಾರಾ?" ಹಿಂದಿನ ಮನೆಯ ಕಿಷ್ಟಮ್ಮ ತೆಲುಗಿನಲ್ಲಿ ಮರುಗಿದಳು.

"ಯಾರ ಸಮಾಧಿನೂ ಅಲ್ಲ ಕಿಷ್ಟಮ್ಮ! ಕೂಡಲಿಕ್ಕೆ ಜಾಗ!"

ಪಕ್ಕದ ಮನೆಯ ಕಿರಾಣಿ ವೀರಯ್ಯನಿಗೆ ಗೋಡೆಯಾಚೆ ನಿಂತು ನೋಡುವಷ್ಟು ಸಹನೆ ಇರಲಿಲ್ಲ. ಒಳಗೇ ಬಂದ. "ಆಚಾರ್ರ, ಇಳಿಜಾರು ತಪ್ಪೈತಿ. ನೀರು ಈಶಾನ್ಯಕ್ಕ ಹರೀಬೇಕ್ರಿ. ಶಾಸ್ತ್ರ ನಿಮಗ ನಾ ಹೇಳಬೇಕೇನು?" ಎಂದವನೇ ಗೂಟ ಕಿತ್ತು ಬೇರೆ ಕಡೆ ನೆಟ್ಟ. ಶಾಸ್ತ್ರದ ಮಾತು ಬಂದಮೇಲೆ ಜಯಸಿಂಹ ಹೇಗೆ ಬೇಡವೆಂದಾನು? ಬಿಸಿಲು ನೆತ್ತಿಗೇರುವವರೆಗೆ ಬಗ್ಗಿ ಅರ್ಧ ಹಿತ್ತಲು ಹಾಸಿದ. ಪರೀಕ್ಷೆಗೆಂದು ವೀರಯ್ಯ ಒಂದು ಕೊಡ ನೀರು ಸುರಿದ. ನೀರು ಕ್ಷಣ ಯೋಚಿಸಿ, ನೆಟ್ಟಗೆ ಅಡುಗೆಮನೆಯ ಹೊಸ್ತಿಲು ದಾಟಿತು.

"ರೀ! ಕೃಷ್ಣಾ ನದಿ ಅಡಗಿಮನ್ಯಾಗ ಬಂತು!" ಅಪ್ಪನಿಗಾಗಿ ಹೋಳಿಗೆ ತಟ್ಟುತ್ತಿದ್ದ ಶ್ರೀವಲ್ಲಿ ಮಣೆಯ ಮೇಲೆ ಹತ್ತಿ ನಿಂತಳು.

"ನಿಮ್ಮ ಅಡಗಿಮನಿನ ಈಶಾನ್ಯದಾಗ ಐತಿ. ನಾ ಏನ್ ಮಾಡ್ಲಿರಿ?" ಎಂದ ವೀರಯ್ಯ.

ಎಲ್ಲ ಕಿತ್ತು ಮತ್ತೆ ಮೊದಲಿನಿಂದ ಶುರುವಾಯಿತು. ಈ ಸಲ ಜಯಸಿಂಹ ಶಾಸ್ತ್ರ ಬಿಟ್ಟು ನೀರನ್ನೇ ಕೇಳಿ, ಅದು ಬೇಲಿಯ ಕಡೆ ಹೋಗುವಂತೆ ಮರಳು ಸವರಿದ. ಇಟ್ಟಿಗೆಗಳನ್ನು ಜಡೆ ಹೆಣೆದಂತೆ ಓರೆಯಾಗಿ ಜೋಡಿಸುತ್ತ ಬಂದ. ಹಾಸು ಮುಗಿಯುವ ಹೊತ್ತಿಗೆ ಓಣಿಯ ಹಳೆಯ ಪೈಲ್ವಾನ ಭೀಮಣ್ಣ ಬಂದು, "ಗಟ್ಟಿ ಐತೇನ್ ನೋಡಾಕ ಬೇಕು" ಎಂದು ಅಂಚಿನ ಮೇಲೆ ಒಮ್ಮೆ ಹಾರಿದ. ಅಂಚಿನ ಇಟ್ಟಿಗೆಗಳು ಕೋಳಿಮರಿಗಳ ಹಾಗೆ ದಿಕ್ಕಾಪಾಲಾದವು.

"ಗಟ್ಟಿ ಇಲ್ರಿ," ಎಂದು ಭೀಮಣ್ಣ ತೀರ್ಪು ಕೊಟ್ಟ.

ಜಯಸಿಂಹ ತಲೆ ಮೇಲೆ ಕೈ ಹೊತ್ತು ಕೂತ. ಕೂತವನ ಕಣ್ಣಿಗೆ ಒಂದು ಸಂಗತಿ ಬಿತ್ತು. ಚೆದುರಿದ್ದು ಅಂಚು ಮಾತ್ರ; ನಡುವಿನದು ಒಂದು ಕೂದಲೆಳೆಯೂ ಅಲುಗಿರಲಿಲ್ಲ. ತಟ್ಟನೆ ಎದ್ದು ಸುತ್ತಲೂ ಕಾಲುವೆ ತೋಡಿ, ಇಟ್ಟಿಗೆಗಳನ್ನು ನೆಟ್ಟಗೆ ನಿಲ್ಲಿಸಿ, ಅರ್ಧಕ್ಕೆ ಹೂತು ಬಿಗಿದ. ಹಾಸಿನ ಸುತ್ತ ಅಂಚು ಕಟ್ಟಿದಂತಾಯಿತು.

"ಈಗ ಹಾರೋ ಭೀಮಣ್ಣ!"

ಭೀಮಣ್ಣ ಹಾರಿದ, ಕುಣಿದ, ಕಡೆಗೆ ಸೆಡ್ಡು ಹೊಡೆದೂ ನೋಡಿದ. ಒಂದು ಇಟ್ಟಿಗೆ ಮಿಸುಕಲಿಲ್ಲ. ಇಳಿಬಿಸಿಲಿನಲ್ಲಿ ಹಿತ್ತಲು ನಾರಾಯಣಪೇಟೆ ಸೀರೆ ಹರವಿದ ಹಾಗೆ ಕೆಂಪಗೆ ಹೊಳೆಯಿತು. ಕಿಷ್ಟಮ್ಮ ಕೂಡ ಸಮಾಧಿಯ ಮಾತು ಬಿಟ್ಟಳು. ಜಯಸಿಂಹನ ಎದೆ ಪೂರಿಯಂತೆ ಉಬ್ಬಿತು. ಇದು ಕಡತದಲ್ಲಿ ಬರೆದು ಮೇಜಿನಿಂದ ಮೇಜಿಗೆ ದಾಟಿಸಿದ ಕೆಲಸವಲ್ಲ. ತನ್ನ ಕೈಯದು, ಕಾಲಿಟ್ಟು ನಿಲ್ಲಬಹುದಾದದ್ದು.

ಮೂಲೆಯಲ್ಲಿ ಒಂದೇ ಒಂದು ಇಟ್ಟಿಗೆಯ ಜಾಗ ಉಳಿದಿತ್ತು. "ಕಡೀ ಇಟ್ಟಿಗಿ ನಾ ಇಡ್ತೀನ್ರಿ, ಫೋಟೋ ಹೊಡೀರಿ," ಎಂದು ವೀರಯ್ಯ ಮೊಣಕಾಲೂರಿದ. ಆಗಲಿ ಎಂದು ಜಯಸಿಂಹ ಫೋಟೋ ಹೊಡೆದು, ಮೀಯಲು ಓಡಿದ.

ತಪ್ಪಾದದ್ದು ಅಲ್ಲೇ. ಅವನು ಮಿಂದು, ಮಡಿ ಧೋತರ ಉಟ್ಟು ಹೊರಬರುವಷ್ಟರಲ್ಲಿ ಮಾವ ಹಿತ್ತಲಲ್ಲಿ ನಿಂತಿದ್ದರು. ಅಳಿಯ ಆಗತಾನೇ ಮಲಗಿ ಎದ್ದವನಂತೆ ಶುಭ್ರವಾಗಿದ್ದ. ವೀರಯ್ಯನ ಮೊಣಕೈವರೆಗೆ ಮರಳು ಮೆತ್ತಿತ್ತು.

"ಆಹಾ! ಏನು ಕೈಚಳಕ ವೀರಯ್ಯನವ್ರ!" ಎಂದರು ವಾದೀಂದ್ರಾಚಾರ್ಯರು.

"ಓಣ್ಯಾಗ ಒಬ್ರಿಗೊಬ್ರು ಆಗಬೇಕಲ್ರಿ. ನಾ ಇಲ್ದಿದ್ರ ಇದು ಆಗತಿದ್ದಿಲ್ರಿ," ಎಂದ ವೀರಯ್ಯ, ಮೀಸೆ ತಿರುವಿ.

ಜಯಸಿಂಹನಿಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಮಾವನೇ ಮುಂದುವರಿಸಿದರು: "ಭಾಳ ಛಲೋ ಆತು. ಗದ್ವಾಲದಾಗ ನಮ್ಮ ಹಿತ್ತಲ ಇದರ ಮೂರು ಪಟ್ಟು ಅದ. ನಾಳೆ ಮುಂಜಾನಿ ಬಸ್ಸಿಗೆ ನನ್ನ ಜೋಡಿ ನಡೀರಿ."

ವೀರಯ್ಯನ ಕೈ ಮೀಸೆಯಿಂದ ಜಾರಿತು. "ಅಯ್ಯಯ್ಯೋ! ನಾ ಒಂದ ಇಟ್ಟಿಗಿ ಇಟ್ಟೀನ್ರಿ. ಎಲ್ಲಾ ನಿಮ್ಮ ಅಳಿಯಾರ ಮಾಡ್ಯಾರ!"

ಭೀಮಣ್ಣ, ಕಿಷ್ಟಮ್ಮ ಗೋಣು ಮುರಿಯುವ ಹಾಗೆ ತಲೆಯಾಡಿಸಿದರು. ಆಚಾರ್ಯರು ಅಳಿಯನ ಕಡೆ ತಿರುಗಿದರು. ಬಾಗಿಲಲ್ಲಿ ಶ್ರೀವಲ್ಲಿ ಬೇಡ, ಸುಮ್ಮನಿರಿ ಎಂದು ಕಣ್ಣಲ್ಲೇ ಬೇಡಿಕೊಂಡಳು. ಜಯಸಿಂಹನ ಸೊಂಟವೂ ಅದನ್ನೇ ಬೇಡುತ್ತಿತ್ತು. ಆದರೆ ಎದೆ ಕೇಳಬೇಕಲ್ಲ!

"ಹೌದ್ರಿ ಮಾವ. ಒಂದ ಇಟ್ಟಿಗಿ ಬಿಟ್ಟು ಎಲ್ಲಾ ನಾನ ಹಾಸೀನಿ," ಎಂದ, ಎರಡೂ ಅಂಗೈ ಚಾಚಿ.

ಆಚಾರ್ಯರು ಕನ್ನಡಕ ಏರಿಸಿ ಅಂಗೈ ನೋಡಿದರು. "ನಾ ನಂಬೂದಿಲ್ಲ. ನನ್ನ ಕಣ್ಣಮುಂದ ಹಾಸಿ ತೋರಸ್ರಿ, ಆಮ್ಯಾಲ ನೋಡೋಣು."

"ರಜಾ ಹಾಕಿ ಬರ್ತೀನಿ! ನಾಳೇನ ಬರ್ತೀನಿ!" ಗುಡುಗಿದ ಜಯಸಿಂಹ.

ಜನ ಕರಗಿದ ಮೇಲೆ ಅವನು ಹೊಸ ಹಾಸಿನ ಮೇಲೆ ಕುರ್ಚಿ ಹಾಕಿ ಮೆಲ್ಲಗೆ ಕೂತ. ಒಳಗೆ ಮಾವ ಗದ್ವಾಲದ ಅತ್ತೆಗೆ ಫೋನು ಹಚ್ಚಿದ್ದು ಕಿಟಕಿಯಿಂದ ಕೇಳಿಸಿತು.

"ಕೇಳಿಲ್ಲೆ, ಮೇಸ್ತ್ರಿಗೆ ಬ್ಯಾಡಂತ ಹೇಳಿಬಿಡು. ಅಳಿಯಾ ಬರ್ತಾನ... ಏ, ಅಂವನ ಹಾಸ್ಯಾನ, ಮೇಸ್ತ್ರಿಗಿಂತ ಛಂದ! ಅಂಗೈ ತುಂಬ ಗುಳ್ಳಿ ಎದ್ದಾವ, ನನಗ ತಿಳೀಲಿಲ್ಲೇನು? ನಂಬೀನಿ ಅಂದಿದ್ರ ಅಂವ ಬರ್ತಿದ್ದನೇನು?"

ಶ್ರೀವಲ್ಲಿ ಚಹಾ ಹಿಡಿದು ಹೊರಬಂದಳು. "ಕೇಳಿದ್ರೇನು?"

ಜಯಸಿಂಹ ಏಳಲು ನೋಡಿದ. ಸೊಂಟ ಏಳಲಿಲ್ಲ.

"ಕೇಳಿದೆ," ಎಂದ, ಕೂತಲ್ಲೇ ಎದೆ ಸೆಟೆದು. "ಮೇಸ್ತ್ರಿಗಿಂತ ಛಂದ ಅಂದ್ರು!"